ಬಿಸಿಲು ಬಾಡಿಗೆಗೆ ಸಿಗುವುದಿಲ್ಲ

ಬೆಂಗಳೂರಿನಲ್ಲಿ ಸೈಟು ತೋರಿಸುವ ಬ್ರೋಕರುಗಳು ಹೇಳದೆ ಬಿಡುವ ಸಂಗತಿ ಬಹಳ ಕಡಿಮೆ. ಮೂಡು ಬಾಗಿಲು, ಕಾವೇರಿ ಕನೆಕ್ಷನ್ ಇದೆ, ಎ ಖಾತಾ, ಮೆಟ್ರೊ ಹತ್ತು ನಿಮಿಷ, ಪಕ್ಕದ ಬೀದಿಯಲ್ಲಿ ಗಣಪತಿ ದೇವಸ್ಥಾನ, ಅದರ ಪಕ್ಕದಲ್ಲೇ ದರ್ಶಿನಿ. ಇಷ್ಟೆಲ್ಲ ಹೇಳುವವರು ಈ ಜಾಗಕ್ಕೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ವಾಸ್ತು ನೋಡುವವರು ನಮ್ಮ ಬಾಗಿಲು ಯಾವ ಕಡೆಗಿದೆ ಅಂತ ನೋಡುತ್ತಾರೆಯೇ ಹೊರತು ಪಕ್ಕದ ಸೈಟಿನವರು ನಾಳೆ ಎಷ್ಟು ಮಹಡಿ ಎಬ್ಬಿಸಿಯಾರು ಅಂತ ನೋಡುವುದಿಲ್ಲ. ಮನೆ ಕಟ್ಟಿ, ಗೃಹಪ್ರವೇಶ ಮುಗಿದು, ನರ್ಸರಿಯಿಂದ ಗುಲಾಬಿ ತಂದು ನೆಟ್ಟು, ಅದು ಎರಡು ತಿಂಗಳಲ್ಲಿ ಕಡ್ಡಿಯಾದ ಮೇಲೆ ಎಲ್ಲರೂ ಮಣ್ಣನ್ನು ಬೈಯುತ್ತಾರೆ, ಗೊಬ್ಬರವನ್ನು ಬೈಯುತ್ತಾರೆ, ನರ್ಸರಿಯವನನ್ನಂತೂ ಬೈದೇ ಬೈಯುತ್ತಾರೆ. ತಲೆ ಎತ್ತಿ ಮೇಲೆ ನೋಡುವವರು ಕಡಿಮೆ.

ಮೂವತ್ತು-ನಲವತ್ತರ ಲೆಕ್ಕ ನಿಮಗೆ ಗೊತ್ತಿರುವುದೇ. 1,200 ಚದರಡಿ. ಅದರಲ್ಲಿ ಮನೆ ನುಂಗಿದ್ದು ಹೋಗಿ ಸುತ್ತ ಬಿಡಬೇಕಾದ ಮೂರಡಿ. ಆ ಮೂರಡಿಯಲ್ಲಿ ಸಂಪಿನ ಮುಚ್ಚಳ, ಮೋರಿಯ ಚೇಂಬರು, ಮೀಟರ್ ಬೋರ್ಡು, ಖಾಲಿ ಸಿಲಿಂಡರು, ಮಕ್ಕಳು ಬಿಟ್ಟ ಸೈಕಲ್ಲು, ಎ.ಸಿ. ಯಂತ್ರದ ಹೊರಭಾಗ, ಮನೆ ಕಟ್ಟಿದಾಗ ಉಳಿದ, ‘ಯಾವಾಗಲಾದರೂ ಬೇಕಾಗುತ್ತದೆ’ ಎಂದು ಜೋಡಿಸಿಟ್ಟ ಟೈಲ್ಸು. ಇವೆಲ್ಲ ತಮ್ಮ ತಮ್ಮ ಹಕ್ಕಿನ ಜಾಗ ಹಿಡಿದ ಮೇಲೆ ಉಳಿದದ್ದಕ್ಕೆ ಗಾರ್ಡನ್ ಅನ್ನುತ್ತೇವೆ. ಅದನ್ನು ಅಗೆದರೆ ಮಣ್ಣೇ ಸಿಗಬೇಕು ಅಂತೇನೂ ಇಲ್ಲ. ನಮ್ಮ ಮನೆಯ ಮುಂದಿನ ಪಟ್ಟಿಯಲ್ಲಿ ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು, ಬಣ್ಣ ಬಳಿಯುವವರ ಬ್ರಶ್ಶು, ಒಂದು ಹವಾಯಿ ಚಪ್ಪಲಿ ಸಿಕ್ಕಿದವು. ಸಿಮೆಂಟು-ಸುಣ್ಣ ಬೆರೆತ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಹೀರಿಕೊಳ್ಳಲು ಆಗುವುದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದಕ್ಕೆ ನೀರು ಕಡಿಮೆಯಾಯಿತೆಂದು ಇನ್ನಷ್ಟು ನೀರು ಸುರಿಯುವುದು ನಗರದ ಸಂಪ್ರದಾಯ. ಇದಕ್ಕೆ ಉಪಾಯ ಸರಳ, ಬೇಸರದ್ದು: ಒಂದೂವರೆ ಅಡಿ ಅಗೆದು, ಕಸ ತೆಗೆದು, ಹೊರಗಿನಿಂದ ಕೆಮ್ಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಬೇಕು. ಇದನ್ನು ಬಿಟ್ಟು ಚಂದದ ಕುಂಡಕ್ಕೆ ದುಡ್ಡು ಹಾಕುವವರೇ ಹೆಚ್ಚು.

ಬಿಸಿಲಿನ ಮಾತಿಗೆ ಬರುತ್ತೇನೆ. ಬೆಂಗಳೂರು ಇರುವುದು ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರಕ್ಕೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಶಾಲೆಯ ಮಕ್ಕಳಿಗೆ ಅಂದು ಅಂಗಳದಲ್ಲಿ ಲೋಟ ಇಟ್ಟು ತೋರಿಸುತ್ತಾರೆ. ತೋಟ ಮಾಡುವವರಿಗೂ ತೋರಿಸಬೇಕು. ಯಾಕೆಂದರೆ ಈ ಎರಡು ದಿನಗಳ ನಡುವೆ ಮಾತ್ರ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣದ ಕಡೆಯಿಂದಲೇ ಅವನ ವ್ಯವಹಾರ. ಮನೆಯ ಉತ್ತರ ಬದಿಯ ಓಣಿಗೆ ಆ ಎಂಟು ತಿಂಗಳೂ ನಮ್ಮದೇ ಗೋಡೆಯ ನೆರಳು. ಬಿಸಿಲು ಬೀಳುವ ಕಾಲ ಬಂತು ಅನ್ನುವಷ್ಟರಲ್ಲಿ ಮುಂಗಾರಿನ ಮೋಡ ಕವಿಯುತ್ತದೆ. ಇನ್ನು ದಕ್ಷಿಣಕ್ಕೆ ಯಾರಾದರೂ ನಾಲ್ಕು ಮಹಡಿಯ ಪಿ.ಜಿ. ಕಟ್ಟಿಸಿದರೋ, ಮುಗಿಯಿತು. ನಮ್ಮ ದಾಸವಾಳಕ್ಕೆ ಬರಬೇಕಾದ ಬಿಸಿಲು ಅವರ ಮೂರನೆಯ ಮಹಡಿಯಲ್ಲಿ ಒಣಗಹಾಕಿದ ಜೀನ್ಸಿನ ಪಾಲಾಗುತ್ತದೆ. ನೀರು ಟ್ಯಾಂಕರಿನಲ್ಲಿ ಬರುತ್ತದೆ, ಮಣ್ಣು ಟೆಂಪೊದಲ್ಲಿ ಬರುತ್ತದೆ, ಗೊಬ್ಬರ ಆನ್‌ಲೈನಿನಲ್ಲಿ ಬರುತ್ತದೆ. ಬಿಸಿಲು ತರಿಸುವ ಆ್ಯಪ್ ಯಾರೂ ಇನ್ನೂ ಮಾಡಿಲ್ಲ.

ಬಿಸಿಲಿನ ಈ ಲೆಕ್ಕ ನನಗೆ ಗೊತ್ತಾಗಿದ್ದು ಒಬ್ಬ ಲ್ಯಾಂಡ್‌ಸ್ಕೇಪ್ ಡಿಸೈನರನಿಂದ. ನಮ್ಮ ಯಜಮಾನರಿಗೆ ಅವರ ಆಫೀಸಿನ ಯಾರೋ ಹೇಳಿ ಕಳಿಸಿದ ಹುಡುಗ. ಲ್ಯಾಪ್‌ಟಾಪು ಬಿಚ್ಚಿ ಚಿತ್ರ ತೋರಿಸಿದ. ಚಿತ್ರದಲ್ಲಿ ನಮ್ಮ ಮನೆಯೇ. ಆದರೆ ಸಿಲಿಂಡರು, ಸೈಕಲ್ಲು ಯಾವುದೂ ಇಲ್ಲ. ಮೂಲೆಯಲ್ಲಿ ಬಂಗಾರದ ಬಣ್ಣದ ಬಿದಿರು, ಅದರ ಬುಡಕ್ಕೆ ಬಿಳಿ ಉರುಟು ಕಲ್ಲು, ಗೋಡೆಯ ಮೇಲೆ ಹಸಿರು ಹೊದಿಕೆ, ನೆಲಕ್ಕೆ ಮೆಕ್ಸಿಕನ್ ಹುಲ್ಲು, ಸಂಪಿನ ಮುಚ್ಚಳದ ಮೇಲೆ ಬುದ್ಧನ ತಲೆ, ಆ ತಲೆಯ ಹಿಂದಿನಿಂದ ನೀರು. ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ತಲೆ ಮಾತ್ರ ಉಂಟಲ್ಲ ಮಾರಾಯ, ಮೈ ಎಲ್ಲಿ ಹೋಯ್ತು?”

“ಅಜ್ಜಿ, ಅದು ಝೆನ್ ಥೀಮ್.”

“ಆಯ್ತು. ಒಗ್ಗರಣೆಗೆ ಕರಿಬೇವು ಎಲ್ಲುಂಟು ಇದರಲ್ಲಿ?”

“ಕರಿಬೇವು ಈ ಥೀಮಿಗೆ ಸೆಟ್ ಆಗಲ್ಲ ಅಜ್ಜಿ.”

“ಮತ್ತೆ ತುಳಸಿ?”

ಹುಡುಗ ನನ್ನ ಮುಖ ನೋಡಿದ. ನಾನು ಯಜಮಾನರ ಮುಖ ನೋಡಿದೆ. ಅವರು ಕೊಟೇಶನ್ನಿನ ಕೊನೆಯ ಸಾಲನ್ನು ನೋಡಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆದರೆ ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಕೆಲಸ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ, ಕಾಫಿ ಕುಡಿಯುತ್ತಾ, ಕೊಟೇಶನ್ನಿನಲ್ಲಿ ಇಲ್ಲದ ಒಂದು ವಿದ್ಯೆ ಹೇಳಿಕೊಟ್ಟ. “ಆಂಟಿ, ಒಂದು ಚಾಕ್‌ಪೀಸ್ ತಗೊಳ್ಳಿ. ಬೆಳಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಬಿಸಿಲು ಎಲ್ಲಿವರೆಗೆ ಬಿದ್ದಿದೆಯೋ ಅಲ್ಲಿಗೆ ನೆಲದ ಮೇಲೆ ಗೆರೆ ಎಳೀರಿ. ಹೂವು, ಕಾಯಿ ಬೇಕಂದ್ರೆ ಆರು ಗಂಟೆ ಬಿಸಿಲು ಬೇಕು. ಸೊಪ್ಪಿಗೆ ಮೂರು-ನಾಲ್ಕು ಗಂಟೆ ನಡೆಯುತ್ತೆ. ಅದಕ್ಕೂ ಕಮ್ಮಿ ಇದ್ರೆ ಎಲೆ ನೋಡ್ಕೊಂಡು ಖುಷಿ ಪಡಬೇಕು, ಅಷ್ಟೆ.”

ಎಳೆದೆ. ಒಂಬತ್ತರ ಗೆರೆ ಗೇಟಿನಿಂದ ಓರೆಯಾಗಿ ಮೆಟ್ಟಿಲ ತನಕ, ಹನ್ನೆರಡರದ್ದು ಕಾಂಪೌಂಡಿಗೆ ಅಂಟಿಕೊಂಡು, ಮೂರರದ್ದು ಮಾತ್ರ ಮುಂದಿನ ಮೂಲೆಯಲ್ಲಿ ಒಂದು ತ್ರಿಕೋನ. ಕೆಲಸಕ್ಕೆ ಬರುವಾಕೆ, “ಇದೆಂಥ ರಂಗೋಲಿ ಅಕ್ಕಾ, ಸೊಟ್ಟಗಿದೆ” ಅಂದಳು. ಮೂರೂ ಗೆರೆಗಳ ಒಳಗೆ ಬೀಳುವ, ಅಂದರೆ ದಿನವಿಡೀ ಬಿಸಿಲು ಕಾಣುವ ಜಾಗ ಒಂದೇ ಒಂದು. ಅಲ್ಲಿ ಯಜಮಾನರ ಸ್ಕೂಟರ್ ನಿಂತಿತ್ತು. ಇಡೀ ಮನೆಯಲ್ಲಿ ಗುಲಾಬಿಗೆ ಯೋಗ್ಯವಾದ ಏಕೈಕ ಸ್ಥಳದಲ್ಲಿ ಅದು ನಿಂತು ಸೀಟು ಸುಡಿಸಿಕೊಳ್ಳುತ್ತಿತ್ತು. ಸ್ಕೂಟರು ಉತ್ತರದ ಓಣಿಗೆ ಹೋಯಿತು, ನಿಂಬೆ ಗಿಡ ಆ ಜಾಗಕ್ಕೆ ಬಂತು. ನಮ್ಮ ಮನೆಯ ಲ್ಯಾಂಡ್‌ಸ್ಕೇಪ್ ಡಿಸೈನು ಅಂದರೆ ಮುಖ್ಯವಾಗಿ ಇಷ್ಟೇ.

ಹುಲ್ಲುಹಾಸಿನ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿದೆ, ಹೇಳಿಬಿಡುತ್ತೇನೆ. ಕಂಟೋನ್ಮೆಂಟಿನ ಬಂಗಲೆಗಳಲ್ಲಿ ದೊರೆಗಳು ಬೆತ್ತದ ಕುರ್ಚಿ ಹಾಕಿಕೊಂಡು ಟೀ ಕುಡಿಯಲು ಬೆಳೆಸಿದ್ದನ್ನು ಆರಡಿ ಅಗಲದಲ್ಲಿ ಬೆಳೆಸಿ, ಅದರ ಮೇಲೆ ಕಾಲೂ ಇಡದೆ, ಕೂರಲೂ ಕೂರದೆ, ದಿನಾ ನೀರು ಹೊಯ್ಯುವುದು ಯಾವ ನ್ಯಾಯ? ಅದೂ ಯಾವ ನೀರು! ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಗುಡ್ಡ ಹತ್ತಿಸಿ ಪಂಪು ಹೊಡೆದು ತಂದದ್ದು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಕೈಕೊಟ್ಟಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಹುಲ್ಲುಹಾಸುಗಳೆಲ್ಲ ಬೈರಾಗಿಯ ಗಡ್ಡದ ಬಣ್ಣಕ್ಕೆ ತಿರುಗಿದವು. ಉಳಿದದ್ದು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಕುಡಿದು ಬೆಳೆದ ಗಿಡಗಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಕೆಟ್ ಇಟ್ಟಿರುವುದನ್ನು ನೋಡಿ ಮೊದಲೆಲ್ಲ ನಾನು ಮುಖ ಸಿಂಡರಿಸುತ್ತಿದ್ದೆ. ಆ ಮಾರ್ಚಿನಲ್ಲಿ ಆ ಬಕೆಟ್ಟಿಗೆ ಮನೆಯಲ್ಲಿ ದೇವರ ತಂಬಿಗೆಯ ನಂತರದ ಸ್ಥಾನ ಬಂತು.

ದೊರೆಗಳು ತಂದದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳಿದರೆ ಲಾಲ್‌ಬಾಗಿನ ದೇವತೆಗಳು ಸಿಟ್ಟಾದಾರು. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟವದು. ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. 1874ರಲ್ಲಿ ಜಾನ್ ಕ್ಯಾಮರಾನ್ ಬಂದ ಮೇಲೆ ಗಾಜಿನ ಮನೆ ಎದ್ದಿತು; ಸೀಮೆಬದನೆಯನ್ನು ಇಲ್ಲಿ ಪಳಗಿಸಿದ ಕೀರ್ತಿಯೂ ಅವರದೇ. ಗೊಜ್ಜಿಗೆ, ಸಾಂಬಾರಿಗೆ ಬೀಳುವ ಆ ಬಳ್ಳಿಯ ಕಾಯಿ ನಮ್ಮ ತಾತ-ಮುತ್ತಾತಂದಿರ ಕಾಲದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ಮೂಲ ಮೆಕ್ಸಿಕೊ ಕಡೆಯದು. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವೂ ಅಲ್ಲಿಯದೇ. ಮಳೆಗಾಲದ ರಾತ್ರಿ ಅರಳಿತೆಂದು ಪಕ್ಕದ ಮನೆಯವರನ್ನೆಲ್ಲ ಕರೆದು, ಕುಂಕುಮ ಹಚ್ಚಿ, ಆರತಿ ಎತ್ತಿ, ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೇವಲ್ಲ ಬ್ರಹ್ಮಕಮಲ, ಅದು ಅಮೆರಿಕ ಖಂಡದ ಕಳ್ಳಿ ಜಾತಿ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಅತ್ತೆಗೆ ಇದನ್ನು ಹೇಳಿದಾಗ, “ಆರತಿ ಎತ್ತಿದ ಮೇಲೆ ನಮ್ಮದೇ ಕಣೇ” ಎಂದು ವಿಷಯ ಮುಗಿಸಿದರು. ಹಾಗಾಗಿ, ನಾಟಿ ಗಿಡವೇ ನೆಡಬೇಕು, ಪರದೇಶದ್ದು ಬೇಡ ಎಂದು ವಾದಿಸುವವರು ಬಂದರೆ ನಾನು ಅವರಿಗೆ ಹಸಿಮೆಣಸಿನಕಾಯಿ ಹಾಕದ ಉಪ್ಪಿಟ್ಟು ಕೊಡುತ್ತೇನೆ.

ಕ್ಯಾಮರಾನ್ ನಂತರ ಬಂದವರು ಗುಸ್ತಾವ್ ಹೆರ್ಮನ್ ಕ್ರುಂಬೀಗಲ್. ಜರ್ಮನಿಯವರು. ಲಂಡನ್ನಿನ ಕ್ಯೂ ಗಾರ್ಡನ್ಸಿನಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ತೋಟ ನೋಡಿಕೊಂಡು, 1908ರಲ್ಲಿ ಬೆಂಗಳೂರಿಗೆ ಬಂದವರು 1956ರಲ್ಲಿ ಇಲ್ಲೇ ಮಣ್ಣಾದರು. ಬೀದಿಬದಿಯ ಮರಗಳನ್ನು ಅವರು ಆರಿಸಿದ್ದು ಕ್ಯಾಲೆಂಡರ್ ಇಟ್ಟುಕೊಂಡು. ಒಂದು ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಬೀದಿಯ ಮರ ಅರಳಬೇಕು. ನಗರ ವರ್ಷದ ಯಾವ ತಿಂಗಳಲ್ಲೂ ಬೋಳಾಗಿರಬಾರದು. ಜನವರಿ ಹೊತ್ತಿಗೆ ಗುಲಾಬಿ ಬಣ್ಣದ ಟಬೂಬಿಯ, ಫೆಬ್ರವರಿ-ಮಾರ್ಚಿಗೆ ನೇರಳೆ ಜಕರಂಡ, ಯುಗಾದಿ ಸುತ್ತಮುತ್ತ ಹೊಂಗೆಯ ಚಿಗುರು, ಹೂವು, ಏಪ್ರಿಲ್-ಮೇ ಗುಲ್‌ಮೊಹರ್, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಬೀದಿಬೀದಿಗೆ ನೆಡಿಸಿದ 15 ಲಕ್ಷ ಸಸಿಗಳು ಈ ಸಾಲಿಗೆ ಸೇರಿದವು. ನಾವು ಇವತ್ತು ಫೋಟೊ ತೆಗೆಯುವುದು ಇವರಿಬ್ಬರ ಲೆಕ್ಕಾಚಾರವನ್ನು.

ಮನೆಯ ತೋಟಕ್ಕೂ ನನಗೆ ಬೇಕಾದ ಡಿಸೈನು ಇದೇ. ಎಲ್ಲಿ ಏನಿಡಬೇಕು ಅನ್ನುವುದಕ್ಕಿಂತ ಯಾವ ತಿಂಗಳು ಏನು ಅರಳಬೇಕು ಅನ್ನುವುದು. ಕ್ರುಂಬೀಗಲ್ಲರ ಹೆಸರನ್ನೂ ಕೇಳದ ಅತ್ತೆಗೆ ಇದು ಬಾಯಿಪಾಠ. ದೇವರಿಗೆ ದಿನಾ ಹೂವು ಬೇಕಲ್ಲ, ಆ ಲೆಕ್ಕ. ಬೇಸಿಗೆಗೆ ಮಲ್ಲಿಗೆ. ಮಳೆ ಹಿಡಿದ ಮೇಲೆ ಡೇರೆ. ಶ್ರಾವಣ ಕಳೆಯುವ ಹೊತ್ತಿಗೆ ಪಾರಿಜಾತ ಶುರು. ಚಳಿಗೆ ಸೇವಂತಿಗೆ, ಗೊರಟೆ. ಏನೂ ಇಲ್ಲದ ದಿನಕ್ಕೆ ನಂದಿಬಟ್ಟಲು, ಯಾವತ್ತೂ ಕೈಬಿಡದ ದಾಸವಾಳ, ಕನಕಾಂಬರ. ನೆರಳಿನ ಓಣಿಗೆ ಒಂದೆಲಗ, ದೊಡ್ಡಪತ್ರೆ, ಕೆಸು. “ನೆರಳಿದ್ರೆ ತಂಬುಳಿ, ಬಿಸಿಲಿದ್ರೆ ಪೂಜೆ” ಅನ್ನುತ್ತಾರೆ. ಓಣಿಯಲ್ಲಿ ಸಂಪಿನ ಓವರ್‌ಫ್ಲೋ ಪೈಪಿನ ಕೆಳಗೆ ಅವರು ನೆಟ್ಟ ಒಂದೆಲಗ ಹರಡಿಕೊಂಡ ರೀತಿ ನೋಡಿದ್ದರೆ ಆ ಹುಡುಗ ಮೆಕ್ಸಿಕನ್ ಹುಲ್ಲಿನ ಮಾತೇ ಎತ್ತುತ್ತಿರಲಿಲ್ಲ. ನೆಲ ಪೂರ್ತಿ ಹಸಿರು, ಕತ್ತರಿಸುವ ಮೆಷಿನ್ನು ಬೇಡ, ಸಂಜೆ ನಾಲ್ಕು ಎಲೆ ಕಿತ್ತರೆ ಮಜ್ಜಿಗೆಯ ಜೊತೆ ಅರೆದು ಊಟಕ್ಕಾಯಿತು.

ಕೆಳಗೆ ಬಿಸಿಲು ಸಿಗದವರು ಮೇಲೆ ಹತ್ತುತ್ತಾರೆ. ನಗರದಲ್ಲಿ ಇನ್ನೂ ಯಾರೂ ಕಸಿದುಕೊಳ್ಳದ ಬಿಸಿಲು ಅಂದರೆ ತಾರಸಿಯದ್ದು. ಇದನ್ನು ಬೆಂಗಳೂರಿಗೆ ಹಟ ಹಿಡಿದು ಕಲಿಸಿದವರು ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್. ಅವರಿಂದ ಕಲಿತವರು, ಅವರಿಂದ ಕಲಿತವರಿಂದ ಕಲಿತವರು ಸೇರಿ ‘ಊಟ ಫ್ರಮ್ ಯುವರ್ ತೋಟ’ ಅಂತ ಬಡಾವಣೆಯಿಂದ ಬಡಾವಣೆಗೆ ಸಂತೆ ನಡೆಸುತ್ತಾರೆ. ಬೀಜ, ಸಸಿ, ಎರೆಗೊಬ್ಬರ, ಬೇವಿನ ಹಿಂಡಿ ಅಲ್ಲಿ ಸಿಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಬದನೆಗೆ ಹಿಟ್ಟು ತಿಗಣೆ ಬಂದರೆ ಏನು ಮಾಡಿದಿರಿ ಅಂತ ಕೇಳಿದರೆ ಅರ್ಧ ಗಂಟೆ ನಿಂತು ಹೇಳುವ ಜನ ಸಿಗುತ್ತಾರೆ. ಸೀರೆ ಅಂಗಡಿಯಲ್ಲೂ ನನಗೆ ಅಷ್ಟು ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ತಾರಸಿಯ ಒಂದು ಲೆಕ್ಕ ಮಾತ್ರ ಹತ್ತುವ ಮುಂಚೆಯೇ ಮಾಡಿಕೊಳ್ಳಬೇಕು. ಓಡಾಡುವ ತಾರಸಿಗೆ ನಮ್ಮ ದೇಶದ ಮಾನಕ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ.; ಅಂದರೆ ಚದರಡಿಗೆ ಸುಮಾರು ಹದಿನಾಲ್ಕು ಕೆ.ಜಿ. ನೀರು ಕುಡಿದ ಕೆಮ್ಮಣ್ಣು ಒಂದು ಘನ ಅಡಿಗೆ ಹತ್ತಿರ ಹತ್ತಿರ 50 ಕೆ.ಜಿ. ತೂಗುತ್ತದೆ. ಇಟ್ಟಿಗೆಯ ಕಟ್ಟೆ ಕಟ್ಟಿ ಒಂದಡಿ ಆಳಕ್ಕೆ ಮಣ್ಣು ತುಂಬಿದರೆ ಲೆಕ್ಕ ಮೂರು ಪಟ್ಟು ಮೀರಿತು. ಕೆಳಗಿನ ಕೋಣೆಯಲ್ಲಿ ಮಲಗುವವರಿಗೆ ಈ ಗಣಿತ ಗೊತ್ತಿಲ್ಲದಿದ್ದರೆ ನೆಮ್ಮದಿ. ಅದಕ್ಕೇ ಬಲ್ಲವರು ತಾರಸಿಗೆ ಬರೀ ಮಣ್ಣು ಒಯ್ಯುವುದಿಲ್ಲ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಸ್ವಲ್ಪವೇ ಮಣ್ಣು ಸೇರಿಸಿ ಹಗುರ ಮಾಡುತ್ತಾರೆ, ಭಾರದ ಕುಂಡಗಳನ್ನು ಗೋಡೆಯ, ತೊಲೆಯ ನೆತ್ತಿಯ ಮೇಲೇ ಇಡುತ್ತಾರೆ, ನೀರು ಹರಿದುಹೋಗಲು ಕುಂಡದ ತಳಕ್ಕೆ ಇಟ್ಟಿಗೆ ಕೊಡುತ್ತಾರೆ. ಚಾವಣಿ ಸೋರಲು ಶುರುವಾದ ಮೇಲೆ ವಾಟರ್‌ಪ್ರೂಫಿಂಗಿನವರು ಬಂದು ಮೊದಲು ಹೇಳುವ ಮಾತು, “ಈ ಪಾಟೆಲ್ಲ ಇಳಿಸಿ ಮೇಡಂ.”

ತಾರಸಿ ಬೆಳೆಯ ಲಾಭ-ನಷ್ಟದ ಲೆಕ್ಕವನ್ನು ನಮ್ಮ ಯಜಮಾನರು ಒಂದು ಡೈರಿಯಲ್ಲಿ ಬರೆಯುತ್ತಿದ್ದರು. 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ನಮ್ಮ ಗಿಡದಲ್ಲಿ ಸೊಂಪಾಗಿ ಎಲೆ ಇತ್ತು. ಬೆಲೆ ಇಳಿದ ವಾರ ಕಾಯಿ ಹಿಡಿಯಿತು. ಆಮೇಲೆ ಡೈರಿ ಕಂಡಿಲ್ಲ.

ಕೆಳಗೆ ನಿಂಬೆಯ ಪಕ್ಕದಲ್ಲಿ ಕರಿಬೇವು ಇದೆ. ಎರಡೂ ಒಂದೇ ಕುಟುಂಬದ ಗಿಡಗಳು. ಮನುಷ್ಯರಿಗಿಂತ ಚಿಟ್ಟೆಗಳಿಗೆ ಇದು ಚೆನ್ನಾಗಿ ಗೊತ್ತು. ಕಪ್ಪು ರೆಕ್ಕೆಗೆ ಬಿಳಿ ಚುಕ್ಕೆಯ ಸಾಲಿರುವ ಚಿಟ್ಟೆ ಒಂದು ಬೆಳಗ್ಗೆ ಎಳೆ ಎಲೆಗಳ ಮೇಲೆ ಕಾಲೂರಿ, ಹೊಟ್ಟೆ ಬಗ್ಗಿಸಿ, ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಸಾಸಿವೆಗಿಂತ ಸಣ್ಣದು, ಹಳದಿ ಛಾಯೆ. ಅದರಿಂದ ಹೊರಬರುವ ಹುಳು ಮೊದಲು ಕಂದು-ಬಿಳಿ. ಎಲೆಯ ನಡುವೆ ಸುಮ್ಮನೆ ಬಿದ್ದಿರುತ್ತದೆ, ಯಾವುದೋ ಹಕ್ಕಿ ಹಿಕ್ಕೆ ಹಾಕಿ ಹೋಗಿದೆ ಅಂತ ನಾವು ಮುಟ್ಟುವುದಿಲ್ಲ, ಹಕ್ಕಿಯೂ ಮುಟ್ಟುವುದಿಲ್ಲ. ಪೊರೆ ಕಳಚುತ್ತಾ ದಪ್ಪಗಾದ ಮೇಲೆ ಎಲೆಯದೇ ಹಸಿರು ಬಣ್ಣಕ್ಕೆ ಬರುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡಿ: ತಲೆಯ ಹಿಂದಿನಿಂದ ಎರಡು ಕವಲಿನ ಕೆಂಪು ನಾಲಗೆಯಂಥದ್ದೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಪಕ್ಕದ ಮನೆಯ ಹುಡುಗ ಇದನ್ನು ನೋಡಲು ಅವನ ಆನ್‌ಲೈನ್ ಟ್ಯೂಷನ್ ಬಿಟ್ಟು ಓಡಿಬರುತ್ತಾನೆ. ಎರಡೇ ಹುಳು ಸಾಕು, ವಾರದಲ್ಲಿ ಸಣ್ಣ ಕರಿಬೇವಿನ ಗಿಡ ಬರೀ ಕಡ್ಡಿ. ನಾನು ಬೇವಿನ ಎಣ್ಣೆಯ ಬಾಟಲಿ ಹಿಡಿದು ಹೋದಾಗ ಅತ್ತೆ ತಡೆದರು. “ನಿನ್ನ ಒಗ್ಗರಣೆಗೆ ಅಂಗಡಿಯಲ್ಲಿ ಸಿಗ್ತದೆ ಮಾರಾಯ್ತಿ. ಅದಕ್ಕೆ ಅಂಗಡಿ ಉಂಟಾ?” ಕರಿಬೇವು ಮತ್ತೆ ಚಿಗುರುತ್ತದೆ, ನಿಜ. ಮೊದಲಿಗಿಂತ ದಟ್ಟವಾಗಿಯೇ ಚಿಗುರಿತು. ಅಷ್ಟು ದಿನ ನಾವು ತರಕಾರಿ ಗಾಡಿಯವನ ಹತ್ತಿರ ಕೊಸರು ಕೇಳಿ ಪಡೆದ ಕರಿಬೇವಿನಲ್ಲಿ ಸಾರು ಮಾಡಿದೆವು.

ಹುಳುವಿಗಿಂತ ದೊಡ್ಡ ಸಮಸ್ಯೆ ಬೆಳಗಿನ ಐದೂಮುಕ್ಕಾಲಿಗೆ ಬರುತ್ತದೆ. ಬಿಳಿ ಬೂಟು, ಮಂಕಿ ಕ್ಯಾಪು, ಕೈಯಲ್ಲಿ ಪ್ಲಾಸ್ಟಿಕ್ ಕವರು, ತುದಿ ಬಾಗಿದ ಕೊಡೆ. ವಾಕಿಂಗ್ ಆರೋಗ್ಯಕ್ಕೆ, ಕೊಡೆ ನಮ್ಮ ದಾಸವಾಳದ ಕೊಂಬೆಗೆ. ನಾನು ಒಮ್ಮೆ ಗೇಟಿನ ಬಳಿ ನಿಂತೇ ಇದ್ದೆ.

“ಏನ್ ಸಾರ್, ಮೊಗ್ಗೂ ಬಿಡಲ್ವಲ್ಲ?”

“ದೇವರಿಗಲ್ವೇನಮ್ಮಾ!”

“ನಮ್ಮನೇಲೂ ದೇವರಿದ್ದಾರೆ ಸಾರ್.”

“ಗೊತ್ತು, ಅದಕ್ಕೇ ಒಳಗಿನ ಕೊಂಬೆ ಮುಟ್ಟಿಲ್ಲ” ಎಂದರು, ಬಹಳ ನ್ಯಾಯವಂತರಾಗಿ.

ಇವರೊಂದಿಗೆ ಜಗಳವಾಡಿ ಗೆದ್ದವರನ್ನು ನಾನು ಕಂಡಿಲ್ಲ. ಫಲಕ ಹಾಕಿದರೆ ಅದರ ಮೇಲೆ ಕೈಯಿಟ್ಟು ಕೊಂಬೆ ಎಳೆಯುತ್ತಾರೆ. ಹಾಗಾಗಿ ಇದನ್ನೂ ಡಿಸೈನಿಗೇ ಸೇರಿಸಿಬಿಡುವುದು ಮೇಲು. ಬೀದಿಗೆ ಬಾಗುವುದೆಲ್ಲ ಬೀದಿಯದು. ಕಾಂಪೌಂಡಿನ ಅಂಚಿಗೆ ನಂದಿಬಟ್ಟಲು, ಕಣಗಿಲೆ ನೆಟ್ಟಿದ್ದೇವೆ, ಧಾರಾಳವಾಗಿ ಬಿಡುತ್ತವೆ, ಎಷ್ಟು ಬೇಕೋ ಒಯ್ಯಲಿ. ದಾಸವಾಳ ಒಳಗೆ ಬಂತು, ಸ್ಕೂಟರಿನಿಂದ ಬಿಡಿಸಿಕೊಂಡ ಜಾಗದಲ್ಲಿ ನಿಂಬೆಯ ಪಕ್ಕಕ್ಕೆ. ಪಾರಿಜಾತಕ್ಕಂತೂ ಯಾವ ಕಾವಲೂ ಬೇಡ, ಅದೇ ಉದುರಿಸುತ್ತದೆ. ಬೀದಿಯ ಪಾಲು ಬೀದಿಗೆ, ನಮ್ಮ ಪಾಲು ನಮಗೆ. ಆ ಹಿರಿಯರು ಈಗ ನನಗೆ ಗುಡ್ ಮಾರ್ನಿಂಗ್ ಹೇಳುತ್ತಾರೆ. ಹೋದ ಯುಗಾದಿಗೆ ಅವರ ಮನೆಯ ಮಾವಿನ ಎಲೆ ತಂದುಕೊಟ್ಟರು. ಅದು ಅವರ ಮನೆಯದೇ ಎಂದು ನಂಬಿ ತೋರಣ ಕಟ್ಟಿದೆವು.

ಅಪಾರ್ಟ್‌ಮೆಂಟಿನವರ ಕಷ್ಟ ಬೇರೆ. ನಮ್ಮ ಮಗಳು ವೈಟ್‌ಫೀಲ್ಡ್ ಕಡೆ ಹನ್ನೊಂದನೆಯ ಮಹಡಿಯಲ್ಲಿದ್ದಾಳೆ, ಪಡುವಣಕ್ಕೆ ಬಾಲ್ಕನಿ. ಮಧ್ಯಾಹ್ನ ಎರಡರಿಂದ ಬಿಸಿಲು ನೇರ ಒಳಗೆ, ಅದರ ಜೊತೆಗೆ ಎತ್ತರದ ಗಾಳಿ. ಬೆಳಗ್ಗೆ ಹಾಕಿದ ನೀರನ್ನು ಗಾಳಿ ಸಂಜೆಯೊಳಗೆ ಕುಡಿದು ಮುಗಿಸುತ್ತದೆ. “ಅಮ್ಮಾ, ಪುದೀನ ಮತ್ತೆ ಹೋಯ್ತು” ಅಂತ ಫೋನು ಬರುತ್ತದೆ. ಪುದೀನಕ್ಕೆ ಅಂಥ ಜಾಗ ಹೇಳಿಸಿದ್ದಲ್ಲ. ಅಲ್ಲಿ ಕಾಗದದ ಹೂವು, ಸದಾಪುಷ್ಪ, ಲೋಳೆಸರ ನಗುತ್ತಾ ಇರುತ್ತವೆ. ನೀರು ಸ್ವಲ್ಪ ಹೆಚ್ಚಾದರೆ ಹತ್ತನೆಯ ಮಹಡಿಯವರು ಕೆಂಪು ಹನಿ ಬಿದ್ದ ಬೆಡ್‌ಶೀಟಿನ ಫೋಟೊ ಗ್ರೂಪಿಗೆ ಹಾಕುತ್ತಾರೆ. ಕುಂಡದ ಕೆಳಗೆ ತಟ್ಟೆ ಇಡಲೇಬೇಕು ಅಂತ ಅಸೋಸಿಯೇಷನ್ನಿನ ಸುತ್ತೋಲೆ. ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ, ಇಡಲೇಬಾರದು ಅಂತ ಆರೋಗ್ಯ ಇಲಾಖೆಯ ಕರಪತ್ರ. ತಟ್ಟೆಗೆ ಮರಳು ತುಂಬಿಸಿದರೆ ಇಬ್ಬರಿಗೂ ಸಮಾಧಾನ.

ಆ ಅಪಾರ್ಟ್‌ಮೆಂಟಿನ ಕೆಳಗೆ ದೊಡ್ಡ ಲ್ಯಾಂಡ್‌ಸ್ಕೇಪೇ ಇದೆ. ಬ್ರೋಶರಿನಲ್ಲಿ ಹಾಕಿದ್ದರಂತೆ. ಅದರ ಬುಡದಲ್ಲಿ ಕಾರು ನಿಲ್ಲಿಸುವ ಬೇಸ್‌ಮೆಂಟು. ಹಾಗಾಗಿ ಮಣ್ಣು ಎರಡು-ಮೂರಡಿ ಆಳಕ್ಕಿಂತ ಹೆಚ್ಚಿಲ್ಲ, ಹೊಂಗೆ, ಮಾವು ಬೇರು ಬಿಡುವ ಹಾಗಿಲ್ಲ. ಅದಕ್ಕೇ ಇಂಥ ಕಡೆಯೆಲ್ಲ ಅದೇ ದೇವಕಣಗಿಲೆ, ಅದೇ ಪಾಮು, ಅದೇ ಕತ್ತರಿಸಿ ಚೌಕ ಮಾಡಿದ ಬೇಲಿ. ಕೀಳುವಂಥ ಹೂವಿಲ್ಲ, ತಿನ್ನುವಂಥ ಎಲೆಯಿಲ್ಲ. ಹನ್ನೊಂದನೆಯ ಮಹಡಿಯಿಂದ ಬಗ್ಗಿ ನೋಡಿದರೆ ಚೆಂದವೇ, ಇಲ್ಲ ಅನ್ನುವುದಿಲ್ಲ. ಸುತ್ತ ಎದ್ದ ಗೋಪುರಗಳ ನೆರಳು ಅಲ್ಲಿ ದಿನವಿಡೀ ಗಡಿಯಾರದ ಮುಳ್ಳಾಗಿ ತಿರುಗುತ್ತಿರುತ್ತದೆ.

ಒಂದು ಬೆಳಗ್ಗೆ ಅಲ್ಲಿ ತಿರುಗಾಡುತ್ತಾ ಹಿಂಬದಿಗೆ ಹೋದೆ. ಕೊಳಚೆ ನೀರು ಶುದ್ಧಮಾಡುವ ಎಸ್‌ಟಿಪಿ ಘಟಕ ಇರುವ ಮೂಲೆ. ಮೂಗು ಮುಚ್ಚಿಕೊಳ್ಳುವ ಮೊದಲೇ ಕಣ್ಣಿಗೆ ಬಿದ್ದದ್ದು ತಂತಿ ಬೇಲಿಯ ಮೇಲೆ ಹಬ್ಬಿದ ಹೀರೆಬಳ್ಳಿ. ಹಳದಿ ಹೂವು, ಮೊಳದುದ್ದದ ಕಾಯಿ. ಅದರ ಬುಡದಲ್ಲಿ ನಾಲ್ಕು ಸಾಲು ಪುಂಡಿ ಸೊಪ್ಪು, ಅಂಚಿಗೆ ಬದನೆ. ರಾಯಚೂರು ಕಡೆಯ ಮಾಲಿ ಸಲಿಕೆ ಹಿಡಿದು ನಿಂತಿದ್ದ. ಹಿಡಿದುಬಿಟ್ಟರೇನೋ ಅಂತ ಮೊದಲು ಸ್ವಲ್ಪ ಗಾಬರಿ, ಆಮೇಲೆ ನಾನು ಪುಂಡಿಯ ಹೆಸರು ಹೇಳಿದ್ದೇ ಮುಖ ಅರಳಿತು.

“ಇಲ್ಲಿ ಯಾರೂ ಬರಂಗಿಲ್ರೀ ಅಮ್ಮಾರ, ವಾಸನಿ ಅಂತಾರ. ಅದಕ್ಕ ಏನೂ ಕಟ್ಟಿಲ್ಲ. ಬಿಸಲು ನೋಡ್ರಿ, ಮುಂಜಾನಿಂದ ಸಂಜೀತನಕ ಐತಿ.”

“ನೀರು?”

“ನೀರಿಗೇನ್ರೀ, ಬೇಕಾದಷ್ಟು. ಬುಡಕ್ಕ ಅಷ್ಟ ಬಿಡ್ತೀನ್ರಿ. ಹಸೀದು ತಿನ್ನೂ ಸೊಪ್ಪು ಹಾಕಿಲ್ಲ, ಎಲ್ಲಾ ಕುದಿಸಿ ತಿನ್ನೂವ.”

ಬ್ರೋಶರು ಬರೆದವರು, ನಕ್ಷೆ ತಯಾರಿಸಿದವರು, ಗೋಪುರ ಎಬ್ಬಿಸಿದವರು ಎಲ್ಲರೂ ಸೇರಿ ಬೇಡವೆಂದು ಬಿಟ್ಟ ಮೂಲೆಯನ್ನು ಆತ ಚಾಕ್‌ಪೀಸೂ ಇಲ್ಲದೆ ಗುರುತು ಹಿಡಿದಿದ್ದ. ಎರಡು ಕಟ್ಟು ಪುಂಡಿ ಕೊಟ್ಟ. ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಅತ್ತೆಗೆ ಪುಂಡಿ ಪಲ್ಯ ಮೊದಲ ಸಲ. ಹುಳಿ ಚಪ್ಪರಿಸಿ, ಇದರದ್ದೊಂದು ಕಡ್ಡಿ ಸಿಗಬಹುದಾ ಕೇಳು ಅಂದರು. ಕಡ್ಡಿಗಿಂತ ಬೀಜ ಒಳ್ಳೆಯದು ಎಂದು ಮಾಲಿ ಕಾಗದದಲ್ಲಿ ಕಟ್ಟಿ ಮಗಳ ಕೈಯಲ್ಲಿ ಕಳಿಸಿದ. ತಾರಸಿಯ ಮೇಲೆ ಹಾಕಿದ್ದೇವೆ.

ಆಮೇಲೆ ಆ ಹೀರೆಬಳ್ಳಿಯ ವಿಷಯ ಅಸೋಸಿಯೇಷನ್ ಸಭೆಗೇ ಬಂತಂತೆ. ಅನುಮೋದಿತ ಲ್ಯಾಂಡ್‌ಸ್ಕೇಪ್ ನಕ್ಷೆಯಲ್ಲಿ ಇಲ್ಲದ ಗಿಡಗಳು ಸಾಮಾನ್ಯ ಜಾಗದಲ್ಲಿ ಬೆಳೆದಿವೆ, ಕೂಡಲೇ ತೆಗೆಸಬೇಕು ಎಂದು ಒಬ್ಬರು ಎತ್ತಿದರು. ಖಜಾಂಚಿ ಕಲಬುರಗಿಯವರು; ಅಲ್ಲಿ ಪುಂಡಿಯೂ ಇದೆಯೇ ಎಂದು ವಿಚಾರಿಸಿದರು. ಬಹಳ ಚರ್ಚೆಯಾಗಿ, ಸ್ಥಳ ಪರಿಶೀಲನೆಗೆ ಮೂವರ ಉಪಸಮಿತಿ ರಚನೆಯಾಯಿತು. ಉಪಸಮಿತಿಯವರು ಭಾನುವಾರ ಬೆಳಗ್ಗೆ ಹೋಗುವಾಗ ಕೈಚೀಲ ಹಿಡಿದುಕೊಂಡೇ ಹೋದರು ಎಂದು ಮಗಳು ಹೇಳಿದಳು.